ಕಪ್ಪೆಯ ಎಳೆಯ ಭ್ರೂಣದಲ್ಲಿ ಹೊಸ ಗ್ರಾಹಕದ ಜೀನನ್ನು ಗುರುತಿಸುವುದು ಹೇಗೆ

ಕೋಶದ ಮೇಲ್ಮೈಯಲ್ಲಿದ್ದು, ಹೊರಗಿನಿಂದ ಬಂದ ಸಂಕೇತವನ್ನು ಹಿಡಿದು ಒಳಕ್ಕೆ ದಾಟಿಸುವ ಪ್ರೋಟೀನನ್ನು ಗ್ರಾಹಕ ಎನ್ನುತ್ತೇವೆ. ಒಂದು ಜೀನಿನ ಅನುಕ್ರಮವನ್ನು, ಅಂದರೆ ಅದರ ಅಕ್ಷರಗಳ ಸಾಲನ್ನು, ನೋಡಿ, ಇದು ಗ್ರಾಹಕದಂತೆ ಕಾಣುತ್ತದೆ ಎಂದು ಹೇಳುವುದು ಈಗ ಸುಲಭ. ಅದು ಗ್ರಾಹಕವೇ ಹೌದು ಎಂದು ಸಾಧಿಸಬೇಕಾದರೆ ನಾಲ್ಕು ಸಂಗತಿಗಳನ್ನು ಪ್ರತ್ಯೇಕವಾಗಿ ತೋರಿಸಬೇಕು: ಆ ಪ್ರೋಟೀನು ಕೋಶದ ಹೊರಮೈಯಲ್ಲಿ ಇದೆ, ಸಂಕೇತಕ್ಕೆ ಸ್ಪಂದಿಸುವ ಅಂಗಾಂಶದಲ್ಲಿ, ಸ್ಪಂದಿಸುವ ಹೊತ್ತಿಗೇ ಇದೆ, ಸಂಕೇತದ ಅಣುವನ್ನು, ಅಂದರೆ ಲೈಗ್ಯಾಂಡನ್ನು, ನೇರವಾಗಿ ಹಿಡಿಯುತ್ತದೆ, ಮತ್ತು ಆ ಪ್ರೋಟೀನನ್ನು ತೆಗೆದರೆ ಸಂಕೇತ ಪಡೆಯುವ ಕೋಶವೇ ಅದಕ್ಕೆ ಕಿವುಡಾಗುತ್ತದೆ. ಮೊದಲ ಮೂರನ್ನು ತೋರಿಸಿ ನಾಲ್ಕನೆಯದನ್ನು ಊಹೆಗೆ ಬಿಡುವುದು ಈ ಕ್ಷೇತ್ರದಲ್ಲಿ ಸಾಮಾನ್ಯವಾದ ಕೊರತೆ. ಆದ್ದರಿಂದ ಈ ಬರಹದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ರೂಪ ನೋಡಿ ನಂಬಬಾರದು ಎಂಬುದಕ್ಕೆ ಕಪ್ಪೆಯ ಭ್ರೂಣವೇ ಎರಡು ಒಳ್ಳೆಯ ಉದಾಹರಣೆಗಳನ್ನು ಕೊಟ್ಟಿದೆ. 1997ರಲ್ಲಿ ವರದಿಯಾದ ಫ್ರಿಜ್‌ಬಿ ಎಂಬ ಪ್ರೋಟೀನಿನಲ್ಲಿ, ವಿಂಟ್ ಎಂಬ ಸಂಕೇತ ಪ್ರೋಟೀನಿನ ಗ್ರಾಹಕವಾದ ಫ್ರಿಜಲ್ಡ್‌ನಲ್ಲಿರುವಂಥದೇ ಹಿಡಿಯುವ ಭಾಗವಿದೆ. ಆದರೆ ಪೊರೆಗೆ ಅಂಟಿಕೊಳ್ಳುವ ಭಾಗವಿಲ್ಲ. ಅದು ಕೋಶದಿಂದ ಹೊರಬಂದು ವಿಂಟ್ ಅನ್ನು ದಾರಿಯಲ್ಲೇ ಹಿಡಿದು ತಡೆಯುತ್ತದೆ. 1999ರಲ್ಲಿ ವರದಿಯಾದ ಬ್ಯಾಂಬಿ ಪೊರೆಯಲ್ಲಿಯೇ ಇದೆ, ಹೊರಭಾಗವು ಟಿಜಿಎಫ್-ಬೀಟಾ ಎಂಬ ಸಂಕೇತ ಕುಟುಂಬದ ಗ್ರಾಹಕಗಳನ್ನು ಹೋಲುತ್ತದೆ, ಆದರೆ ಒಳಗೆ, ಸಂಕೇತವನ್ನು ಮುಂದಕ್ಕೆ ದಾಟಿಸುವ ಕೈನೇಸ್ ಕಿಣ್ವದ ಭಾಗವಿಲ್ಲ. ಸಂಕೇತವನ್ನು ದಾಟಿಸುವ ಬದಲು ಅದು ತಗ್ಗಿಸುತ್ತದೆ. ಈ ಎರಡನ್ನೂ ಅನುಕ್ರಮದ ಹೋಲಿಕೆಯಿಂದ ಮಾತ್ರ ಅಳೆದಿದ್ದರೆ ಅವುಗಳ ಕೆಲಸವನ್ನು ತಲೆಕೆಳಗಾಗಿ ಅರ್ಥ ಮಾಡಿಕೊಳ್ಳುತ್ತಿದ್ದೆವು.

ಯಾವ ಕಪ್ಪೆ, ಯಾವ ಹೊತ್ತು

ಆಫ್ರಿಕಾದ ಉಗುರುಗಪ್ಪೆ ಝೆನೋಪಸ್ ಲೇವಿಸ್‌ನ ಮೊಟ್ಟೆ ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಸೂಜಿಯಿಂದ ಚುಚ್ಚಲು, ಚಿಮಟದಿಂದ ಕತ್ತರಿಸಲು ಇಷ್ಟು ಅನುಕೂಲವಾದ ಭ್ರೂಣ ಬೇರೆ ಕಡಿಮೆ. ಆದರೆ ಅದರ ಜೀನೋಮ್ ಎರಡು ಪೂರ್ವಜ ಪ್ರಭೇದಗಳ ಬೆರಕೆಯಿಂದ ಬಂದದ್ದು. 2016ರಲ್ಲಿ ಪ್ರಕಟವಾದ ಅನುಕ್ರಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಜೀನುಗಳು ಇಂದಿಗೂ ಎಲ್ ಮತ್ತು ಎಸ್ ಎಂಬ ಎರಡು ಪ್ರತಿಗಳಲ್ಲಿ ಉಳಿದಿವೆ. ಅದರ ಬಂಧು ಝೆನೋಪಸ್ ಟ್ರಾಪಿಕಾಲಿಸ್ ಸಾಮಾನ್ಯ ದ್ವಿಗುಣಿತ ಪ್ರಾಣಿ; ಅದರಲ್ಲಿ ಎಲ್ ಮತ್ತು ಎಸ್ ಎಂಬ ಇಬ್ಬಗೆ ಇಲ್ಲ. ಅದರ ಜೀನೋಮ್ 2010ರಲ್ಲಿ ಪ್ರಕಟವಾಯಿತು. ಕತ್ತರಿಸುವ, ಜೋಡಿಸುವ ಪ್ರಯೋಗಗಳನ್ನು ಲೇವಿಸ್‌ನಲ್ಲಿ ಮಾಡಿ, ಜೀನನ್ನು ಕೆಡಿಸುವ ಪ್ರಯೋಗವನ್ನು ಟ್ರಾಪಿಕಾಲಿಸ್‌ನಲ್ಲಿ ಮಾಡುವುದು ನನ್ನ ದೃಷ್ಟಿಯಲ್ಲಿ ಒಳ್ಳೆಯ ಹಂಚಿಕೆ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆಯನ್ನು ಕೆಲಸ ಶುರುವಾಗುವ ಮೊದಲೇ ಪಡೆದಿರಬೇಕು.

ಹೆಣ್ಣು ಕಪ್ಪೆಗೆ ಹಿಂದಿನ ಸಂಜೆ ಎಚ್‌ಸಿಜಿ ಹಾರ್ಮೋನು ಚುಚ್ಚಿದರೆ ಮರುದಿನ ಬೆಳಿಗ್ಗೆ ಮೊಟ್ಟೆಗಳು ಸಿಗುತ್ತವೆ. ಫಲೀಕರಣವಾದ ಮೇಲೆ ಶೇ. 2ರ ಸಿಸ್ಟೀನ್ ದ್ರಾವಣದಲ್ಲಿ, ಪಿಎಚ್ 8ರ ಆಸುಪಾಸಿನಲ್ಲಿ, ಲೋಳೆಯ ಹೊದಿಕೆಯನ್ನು ಕರಗಿಸಬೇಕು. ಮೊಟ್ಟೆಗಳು ತಳದಲ್ಲಿ ಒಂದಕ್ಕೊಂದು ಒತ್ತಾಗಿ ಕೂರತೊಡಗಿದ ಕೂಡಲೇ ತೊಳೆದುಬಿಡಬೇಕು, ಹೆಚ್ಚು ಹೊತ್ತು ಬಿಟ್ಟರೆ ಭ್ರೂಣಕ್ಕೇ ಪೆಟ್ಟು. ಸುಮಾರು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ವಿಭಜನೆಗೆ ಒಂದೂವರೆ ಗಂಟೆ ಬೇಕು, ಆಮೇಲಿನ ವಿಭಜನೆಗಳು ಅರ್ಧ ಗಂಟೆಗೊಂದರಂತೆ ನಡೆಯುತ್ತವೆ. ಸುಮಾರು 12 ವಿಭಜನೆಗಳ ನಂತರ, ಬ್ಲಾಸ್ಟುಲಾದ, ಅಂದರೆ ಭ್ರೂಣವು ಒಳಗೆ ಟೊಳ್ಳಿರುವ ಕೋಶಗಳ ಚೆಂಡಾಗಿರುವ ಹಂತದ, ನಡುಘಟ್ಟದಲ್ಲಿ, ಭ್ರೂಣದ ಸ್ವಂತ ಜೀನುಗಳು ದೊಡ್ಡ ಪ್ರಮಾಣದಲ್ಲಿ ಎಚ್ಚರಗೊಳ್ಳುತ್ತವೆ. ಅಲ್ಲಿಯವರೆಗೆ ನಡೆಯುವುದೆಲ್ಲ ಬಹುತೇಕ ತಾಯಿ ಮೊಟ್ಟೆಯಲ್ಲಿಟ್ಟ ಆರ್‌ಎನ್‌ಎ ಮತ್ತು ಪ್ರೋಟೀನಿನ ಬಲದಿಂದ. ಮಧ್ಯಪದರವನ್ನು, ಅಂದರೆ ಮುಂದೆ ಸ್ನಾಯು, ಮೂಳೆ, ರಕ್ತವಾಗುವ ಪದರವನ್ನು, ರೂಪಿಸುವ ಸಂಕೇತಗಳ ಗ್ರಾಹಕಗಳಲ್ಲಿ ಹಲವು ತಾಯಿಯಿಂದಲೇ ಬಂದಿರುತ್ತವೆ ಎಂಬುದನ್ನು ಮೊದಲ ದಿನದಿಂದಲೇ ನೆನಪಿಟ್ಟುಕೊಳ್ಳಬೇಕು. ಭ್ರೂಣದ ವಯಸ್ಸನ್ನು ಗಂಟೆಗಳಲ್ಲಿ ಬರೆಯದೆ, ನ್ಯೂಕೂಪ್ ಮತ್ತು ಫೇಬರ್ ರೂಪ ನೋಡಿ ಸಂಖ್ಯೆ ಕೊಟ್ಟ ಬೆಳವಣಿಗೆಯ ಹಂತಗಳಲ್ಲಿಯೇ ಬರೆಯುವುದು ಸರಿ, ಏಕೆಂದರೆ ಎರಡು ಡಿಗ್ರಿ ತಾಪಮಾನದ ವ್ಯತ್ಯಾಸವೂ ಗಂಟೆಗಳ ಲೆಕ್ಕವನ್ನು ಕೆಡಿಸುತ್ತದೆ.

ಅಭ್ಯರ್ಥಿಗಳನ್ನು ಹುಡುಕುವುದು

ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಅನುಕ್ರಮದ ದಾರಿ. ಬ್ಲಾಸ್ಟುಲಾದಿಂದ, ಪದರಗಳು ಒಳಕ್ಕೆ ಸರಿಯುವ ಗ್ಯಾಸ್ಟ್ರುಲಾವನ್ನು ದಾಟಿ, ನರಮಂಡಲ ಮೂಡುವ ನ್ಯೂರುಲಾವರೆಗಿನ ಹಂತಗಳ ಆರ್‌ಎನ್‌ಎ ಅನುಕ್ರಮದ ದತ್ತಾಂಶವನ್ನು ತೆಗೆದುಕೊಂಡು, ನಿಮ್ಮ ಸಂಕೇತಕ್ಕೆ ಸ್ಪಂದಿಸುವ ಅಂಗಾಂಶದಲ್ಲಿ ಆ ಹೊತ್ತಿಗೆ ಇರುವ ಜೀನುಗಳನ್ನು ಆರಿಸಬೇಕು. ಅವುಗಳಲ್ಲಿ ಮೊದಲಿಗೆ ಸಿಗ್ನಲ್ ಪೆಪ್ಟೈಡ್ (ಪ್ರೋಟೀನನ್ನು ಪೊರೆಯತ್ತ ಕಳಿಸುವ ಚಿಕ್ಕ ತುದಿ) ಮತ್ತು ಮುಂದೆ ಎಲ್ಲಾದರೂ ಪೊರೆಯನ್ನು ಹಾಯುವ, ನೀರನ್ನು ಒಲ್ಲದ ಸುಮಾರು 20 ಅಮೈನೋ ಆಮ್ಲಗಳ ಸಾಲು ಇರುವಂಥವನ್ನು ಉಳಿಸಿಕೊಳ್ಳಬೇಕು. ಏಳು ಬಾರಿ ಪೊರೆಯನ್ನು ಹಾಯುವ ಗ್ರಾಹಕಗಳಲ್ಲಿ ಎಷ್ಟೋ ಮಂದಿಗೆ ಸಿಗ್ನಲ್ ಪೆಪ್ಟೈಡ್ ಇರುವುದಿಲ್ಲವಾದ್ದರಿಂದ ಅವನ್ನು ಬೇರೆಯಾಗಿ ಜರಡಿ ಹಿಡಿಯಬೇಕು. ಬಾಲದ ತುದಿಯಲ್ಲಷ್ಟೇ ಅಂಥ ಸಾಲು ಇದ್ದು ಅದರಾಚೆ ಏನೂ ಇಲ್ಲದಿದ್ದರೆ, ಅದು ಕೊಬ್ಬಿನ ಕೊಂಡಿಯಿಂದ ಪೊರೆಗೆ ತಗುಲಿಕೊಳ್ಳುವ ಜಿಪಿಐ ಬಗೆಯ ಪ್ರೋಟೀನಾಗಿರಬಹುದು. ಒಳಭಾಗವೇ ಇಲ್ಲದ ಇಂಥವು ಒಂಟಿಯಾಗಿ ಸಂಕೇತ ದಾಟಿಸಲಾರವು, ಆದರೆ ಬೇರೊಂದು ಗ್ರಾಹಕದ ಜೊತೆಗಾರನಾಗಿ ಅತ್ಯಗತ್ಯವಾಗಿರಬಲ್ಲವು.

ಈ ಹಂತದಲ್ಲಿ ಎರಡು ತಾಂತ್ರಿಕ ಬಲೆಗಳಿವೆ. ತಾಯಿಯ ಆರ್‌ಎನ್‌ಎಗಳ ತುದಿಯಲ್ಲಿರುವ ‘ಎ’ ಅಕ್ಷರಗಳ ಸಾಲು, ಅಂದರೆ ಪಾಲಿ-ಎ ಬಾಲ, ಮೊಟ್ಟೆಯಲ್ಲಿ ಗಿಡ್ಡವಾಗಿದ್ದು ಮುಂದೆ ಉದ್ದವಾಗಬಹುದು, ಅಥವಾ ಇದರ ವಿರುದ್ಧವೂ ಆಗಬಹುದು. ಬಾಲವನ್ನು ಹಿಡಿದು ಆರ್‌ಎನ್‌ಎ ಆರಿಸುವ ವಿಧಾನದಲ್ಲಿ ಈ ಬದಲಾವಣೆಯೇ ಜೀನಿನ ಏರಿಳಿತವಾಗಿ ತೋರುತ್ತದೆ. ಮಧ್ಯ ಬ್ಲಾಸ್ಟುಲಾಕ್ಕಿಂತ ಮುಂಚಿನ ಹಂತಗಳನ್ನು ಹೋಲಿಸುವುದಿದ್ದರೆ ರೈಬೋಸೋಮಿನ ಆರ್‌ಎನ್‌ಎಯನ್ನು ತೆಗೆದುಹಾಕಿ ಉಳಿದದ್ದನ್ನೆಲ್ಲ ಓದುವ ವಿಧಾನವೇ ಮೇಲು. ಎರಡನೆಯ ಬಲೆ, ಹೋಲಿಕೆಗೆ ಸ್ಥಿರವೆಂದು ಇಟ್ಟುಕೊಳ್ಳುವ ಅಳತೆಗೋಲಿನ ಜೀನಿನ ಆಯ್ಕೆ. ಇಎಫ್1-ಆಲ್ಫಾ ಜೀನು ಭ್ರೂಣದ ಜೀನುಗಳು ಎಚ್ಚರಗೊಂಡಾಗ ತಾನೂ ಜೋರಾಗಿ ಏರುತ್ತದೆ. ಅದನ್ನು ಆಧಾರವಾಗಿಟ್ಟರೆ ಆ ಗಡಿಯ ಎರಡೂ ಬದಿಯ ಹೋಲಿಕೆ ತಪ್ಪುತ್ತದೆ. ಓಡಿಸಿ ಎಂದು ಕರೆಯುವ ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಜೀನು ಈ ಕೆಲಸಕ್ಕೆ ಹೆಚ್ಚು ನಂಬಿಕೆಯದು.

ಹುಡುಕಾಟದ ಎರಡನೆಯ ದಾರಿ, ಜೀನನ್ನು ಅದರ ಕೆಲಸದಿಂದ ಹಿಡಿಯುವುದು. ಸಿಡಿಎನ್‌ಎ, ಅಂದರೆ ಆರ್‌ಎನ್‌ಎಯಿಂದ ನಕಲಿಸಿದ ಡಿಎನ್‌ಎಯ, ಸಂಗ್ರಹವನ್ನು ಸಣ್ಣ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿನಿಂದ ಆರ್‌ಎನ್‌ಎ ತಯಾರಿಸಿ ಭ್ರೂಣಕ್ಕೆ ಚುಚ್ಚಿ, ಪರಿಣಾಮ ಕಂಡ ಗುಂಪನ್ನು ಮತ್ತೆ ಒಡೆಯುತ್ತ ಹೋಗಿ ಕೊನೆಗೆ ಒಂದೇ ತದ್ರೂಪಿಗೆ ಬರುವುದು. 1992ರಲ್ಲಿ ಸ್ಮಿತ್ ಮತ್ತು ಹಾರ್ಲಂಡ್ ನಾಗಿನ್ ಜೀನನ್ನು ಹೀಗೆ, ನೇರಳಾತೀತ ಕಿರಣದಿಂದ ಬೆನ್ನಿನ ಭಾಗ ಕಳೆದುಕೊಂಡ ಭ್ರೂಣಗಳಿಗೆ ಬೆನ್ನಿನ ಅಂಗಗಳನ್ನು ಮರಳಿಸುವ ಶಕ್ತಿಯಿಂದ ಗುರುತಿಸಿದರು. ನಾಗಿನ್ ಕೋಶದಿಂದ ಹೊರಬರುವ ಪ್ರೋಟೀನು, ಗ್ರಾಹಕವಲ್ಲ. ಗ್ರಾಹಕಗಳಿಗೆ ಈ ದಾರಿ ತುಸು ಕಷ್ಟದ್ದು: ಲೈಗ್ಯಾಂಡ್ ಇಲ್ಲದ ಜಾಗದಲ್ಲಿ ಗ್ರಾಹಕವನ್ನು ಎಷ್ಟು ಚುಚ್ಚಿದರೂ ಏನೂ ಕಾಣದಿರಬಹುದು. ಹಾಗಾಗಿ ಪ್ರತಿ ಗುಂಪಿನ ಜೊತೆ, ತಾನೊಂದೇ ಇದ್ದರೆ ಪರಿಣಾಮ ತೋರಿಸದಷ್ಟು ಕಡಿಮೆ ಪ್ರಮಾಣದ ಲೈಗ್ಯಾಂಡ್ ಆರ್‌ಎನ್‌ಎಯನ್ನೂ ಸೇರಿಸಿ ಚುಚ್ಚಬೇಕು. ಆಗ ಸ್ಪಂದನೆಯನ್ನು ಹರಿತಗೊಳಿಸುವ ಜೀನು ಎದ್ದು ಕಾಣುತ್ತದೆ.

ಅಭ್ಯರ್ಥಿ ಸಿಕ್ಕ ಮೇಲೆ ಅದರ ಪೂರ್ಣ ಉದ್ದದ ಸಿಡಿಎನ್‌ಎಯನ್ನು, ಎಲ್ ಮತ್ತು ಎಸ್ ಪ್ರತಿಗಳೆರಡನ್ನೂ, ಪಡೆದುಕೊಳ್ಳಿ. ಮಾನವ, ಇಲಿ ಮತ್ತು ಜೀಬ್ರಾಮೀನಿನ ಜೀನುಗಳೊಂದಿಗೆ ವಂಶವೃಕ್ಷ ರಚಿಸಿ, ಅಕ್ಕಪಕ್ಕದ ಜೀನುಗಳ ಕ್ರಮವನ್ನೂ ನೋಡಿದರೆ, ನಿಮ್ಮ ಜೀನು ನಿಜಕ್ಕೂ ಹೊಸದೋ, ಬೇರೆ ಪ್ರಾಣಿಯಲ್ಲಿ ಈಗಾಗಲೇ ಗೊತ್ತಿರುವ ಜೀನಿನ ಕಪ್ಪೆಯ ರೂಪವೋ ತಿಳಿಯುತ್ತದೆ.

ಎಲ್ಲಿ ಇದೆ ಎಂದು ನೋಡುವುದು

ಇಡೀ ಭ್ರೂಣದಲ್ಲಿ ಆರ್‌ಎನ್‌ಎಯನ್ನು ಬಣ್ಣದಿಂದ ತೋರಿಸುವ ಇನ್ ಸಿಟು ವಿಧಾನಕ್ಕೆ ಡಿಗಾಕ್ಸಿಜೆನಿನ್ ಎಂಬ ಗುರುತು ಹಚ್ಚಿದ ಪ್ರೋಬ್, ಅಂದರೆ ಆ ಆರ್‌ಎನ್‌ಎಗೆ ಕೂಡುವ ಜೋಡಿ ಸರಪಳಿ, ಸಾಕು. ಗ್ಯಾಸ್ಟ್ರುಲಾ ಹಂತದಲ್ಲಿ ಮಾತ್ರ ವಿಶೇಷ ಎಚ್ಚರ ಬೇಕು. ಆ ಭ್ರೂಣದೊಳಗಿನ ಬ್ಲಾಸ್ಟೊಸೀಲ್ ಎಂಬ ಟೊಳ್ಳಿನಲ್ಲಿ ಪ್ರೋಬ್ ಮತ್ತು ಬಣ್ಣ ಸಿಕ್ಕಿಕೊಂಡು, ಇಡೀ ಚಾವಣಿಯೇ ಜೀನನ್ನು ಹೊಂದಿರುವಂತೆ ನೀಲಿಯಾಗಿ ಕಾಣುತ್ತದೆ. ಇನ್ನೊಂದೆಡೆ ಹಳದಿ ಲೋಳೆ ತುಂಬಿದ ಸಸ್ಯಧ್ರುವದ, ಅಂದರೆ ಭ್ರೂಣದ ಕೆಳತುದಿಯ, ಕೋಶಗಳೊಳಗೆ ಪ್ರೋಬ್ ಇಳಿಯುವುದೇ ಇಲ್ಲ, ಅಲ್ಲಿ ಜೀನು ಇದ್ದರೂ ಖಾಲಿಯಾಗಿ ಕಾಣುತ್ತದೆ. ಸ್ಥಿರೀಕರಿಸಿದ ಭ್ರೂಣವನ್ನು ಪ್ರೋಬ್ ಹಾಕುವ ಮೊದಲೇ, ಬೆನ್ನು-ಹೊಟ್ಟೆಯ ನಡುಗೆರೆಯ ಉದ್ದಕ್ಕೆ ಬ್ಲೇಡಿನಿಂದ ಎರಡು ಹೋಳು ಮಾಡಿದರೆ ಈ ಎರಡು ತೊಂದರೆಗಳೂ ಬಹುಮಟ್ಟಿಗೆ ನೀಗುತ್ತವೆ. ಅದೇ ಭ್ರೂಣದ ಒಂದು ಹೋಳಿಗೆ ನಿಮ್ಮ ಜೀನಿನ ಪ್ರೋಬನ್ನೂ ಇನ್ನೊಂದಕ್ಕೆ, ಎಲ್ಲಿರುತ್ತದೆಂದು ಗೊತ್ತಿರುವ ಗುರುತು ಜೀನಿನ ಪ್ರೋಬನ್ನೂ ಹಾಕಿದರೆ ಜಾಗದ ಹೋಲಿಕೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಿಗುತ್ತದೆ.

ಮೇಲ್ಮೈಯಲ್ಲಿ ಇದೆಯೇ, ಹಿಡಿಯುತ್ತದೆಯೇ

ಪ್ರೋಟೀನು ಪೊರೆಯಲ್ಲಿದೆ ಎಂಬುದಷ್ಟೇ ಸಾಲದು, ಅದರ ಯಾವ ತುದಿ ಹೊರಗಿದೆ ಎಂಬುದೂ ತಿಳಿಯಬೇಕು. ಸಿಗ್ನಲ್ ಪೆಪ್ಟೈಡ್ ಕತ್ತರಿಸಿ ಹೋಗುವುದರಿಂದ, ಗುರುತಿನ ಪಟ್ಟಿಯನ್ನು, ಉದಾಹರಣೆಗೆ ಮಿಕ್ ಅಥವಾ ಫ್ಲ್ಯಾಗ್ ಟ್ಯಾಗನ್ನು, ಅದಕ್ಕಿಂತ ಮೊದಲು ಅಂಟಿಸದೆ ಸರಿಯಾಗಿ ಅದು ಮುಗಿದ ಮೇಲೆ ಅಂಟಿಸಬೇಕು. ಇನ್ನೊಂದು ರಚನೆಯಲ್ಲಿ ಟ್ಯಾಗನ್ನು ಬಾಲದ ತುದಿಯಲ್ಲಿ ಇಡಿ. ಕೋಶದ ಪೊರೆಯಲ್ಲಿ ತೂತು ಮಾಡದೆ ಪ್ರತಿಕಾಯ ಹಚ್ಚಿದಾಗ ಮೊದಲ ರಚನೆ ಬೆಳಗಬೇಕು, ಎರಡನೆಯದು ಬೆಳಗಬಾರದು. ತೂತು ಮಾಡಿದ ಮೇಲೆ ಎರಡೂ ಬೆಳಗಬೇಕು. ಈ ನಾಲ್ಕು ಫಲಿತಾಂಶಗಳೂ ಒಟ್ಟಿಗೆ ಇದ್ದರೆ ಮಾತ್ರ ಆ ಚಿತ್ರಕ್ಕೆ ಅರ್ಥವಿದೆ.

ಭ್ರೂಣದಲ್ಲಿಯೇ ತೋರಿಸುವುದಾದರೆ, ಪೊರೆಯನ್ನು ದಾಟಲಾರದ ಬಯೋಟಿನ್ ರಾಸಾಯನಿಕವನ್ನು ಬಿಡಿಸಿದ ಕೋಶಗಳ ಮೇಲೆ ಹಿಮದ ತಂಪಿನಲ್ಲಿ ಹಚ್ಚಿ, ಬಯೋಟಿನ್ ತಗುಲಿದ ಪ್ರೋಟೀನುಗಳನ್ನು ಎಳೆದು ತೆಗೆಯಬಹುದು. ಅದೇ ಮಾದರಿಯಲ್ಲಿ ಟ್ಯೂಬುಲಿನ್‌ನಂಥ ಕೋಶದೊಳಗಿನ ಪ್ರೋಟೀನು ಬಂದಿದ್ದರೆ ಕೋಶಗಳು ಒಡೆದಿವೆ, ಆ ಪ್ರಯೋಗ ಲೆಕ್ಕಕ್ಕಿಲ್ಲ. ಆರ್‌ಎನ್‌ಎ ಹೆಚ್ಚಾಗಿ ಚುಚ್ಚಿದಾಗ ಪ್ರೋಟೀನು ತಾನು ತಯಾರಾಗುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿಯೇ ತುಂಬಿಕೊಂಡು ಹೊರಗೆ ಬಾರದೆ ಉಳಿಯುವುದೂ ಉಂಟು. ಎಂಡೋ-ಎಚ್ ಎಂಬ ಕಿಣ್ವ ಅದರ ಸಕ್ಕರೆಯ ಸರಪಳಿಯನ್ನು ಪೂರ್ತಿ ಕತ್ತರಿಸಿದರೆ ಪ್ರೋಟೀನು, ಮೇಲ್ಮೈಗೆ ಹೋಗುವ ದಾರಿಯ ಮುಂದಿನ ನಿಲ್ದಾಣವಾದ ಗಾಲ್ಗಿಯನ್ನು ದಾಟಿಲ್ಲವೆಂದೇ ತಿಳಿಯಬೇಕು.

ಹಿಡಿತವನ್ನು ಅಳೆಯಲು ಲೈಗ್ಯಾಂಡಿಗೆ ಮಾನವ ಜರಾಯುವಿನ ಆಲ್ಕಲೈನ್ ಫಾಸ್ಫಟೇಸ್ ಕಿಣ್ವವನ್ನು ಜೋಡಿಸುವ ವಿಧಾನ ಸರಳವೂ ಸೂಕ್ಷ್ಮವೂ ಆಗಿದೆ. ಆ ಕಿಣ್ವ 65 ಡಿಗ್ರಿ ಶಾಖವನ್ನು ತಾಳುತ್ತದೆ, ಕೋಶಗಳ ಸ್ವಂತ ಫಾಸ್ಫಟೇಸ್ ತಾಳುವುದಿಲ್ಲ; ಕಾಯಿಸಿದ ನಂತರ ಉಳಿದ ಬಣ್ಣವೆಲ್ಲ ನಿಮ್ಮ ಲೈಗ್ಯಾಂಡಿನದೇ. ಲೈಗ್ಯಾಂಡ್ ಹೆಚ್ಚಿಸಿದಂತೆ ಹಿಡಿತ ಒಂದು ಮಟ್ಟದಲ್ಲಿ ನಿಲ್ಲಬೇಕು, ಮತ್ತು ಟ್ಯಾಗ್ ಇಲ್ಲದ ಲೈಗ್ಯಾಂಡನ್ನು ಬೆರೆಸಿದಾಗ ಇಳಿಯಬೇಕು. ಎಫ್‌ಜಿಎಫ್, ವಿಂಟ್, ಬಿಎಂಪಿ ಎಂಬ ಸಂಕೇತ ಪ್ರೋಟೀನುಗಳು ಕೋಶದ ಮೇಲಿನ ಹೆಪರಾನ್ ಸಲ್ಫೇಟ್ ಸಕ್ಕರೆಗಳಿಗೂ ಅಂಟಿಕೊಳ್ಳುವುದರಿಂದ, ಕೋಶದ ಮೇಲಿನ ಅಳತೆಯ ಜೊತೆಗೆ ಗ್ರಾಹಕದ ಹೊರಭಾಗವನ್ನಷ್ಟೇ ಶುದ್ಧೀಕರಿಸಿ ನೇರ ಹಿಡಿತವನ್ನೂ ತೋರಿಸುವುದು ಅಗತ್ಯ.

ಪಡೆಯುವ ಕೋಶದ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಜೀನನ್ನು ತಗ್ಗಿಸಿದಾಗ ಭ್ರೂಣದ ಅಕ್ಷ ಗಿಡ್ಡವಾಯಿತು, ಮಧ್ಯಪದರದ ಗುರುತು ಜೀನಾದ ಬ್ರಾಕಿಯೂರಿ ಕಡಿಮೆಯಾಯಿತು ಎಂದ ಮಾತ್ರಕ್ಕೆ ಅದು ಗ್ರಾಹಕ ಎಂದಾಗುವುದಿಲ್ಲ. ಲೈಗ್ಯಾಂಡನ್ನು ತಯಾರಿಸುವ, ಸ್ರವಿಸುವ, ಹರಡುವ ಯಾವ ಜೀನನ್ನು ಕೆಡಿಸಿದರೂ ಇದೇ ರೂಪ ಬರುತ್ತದೆ. ಕಳಿಸುವ ಕೋಶವನ್ನೂ ಪಡೆಯುವ ಕೋಶವನ್ನೂ ಬೇರೆ ಮಾಡಿ ನೋಡಲೇಬೇಕು, ಮತ್ತು ಅದಕ್ಕೆ ಕಪ್ಪೆಯ ಭ್ರೂಣದಷ್ಟು ತಕ್ಕ ಸಾಮಗ್ರಿ ಇಲ್ಲ.

ಜೀನನ್ನು ತಗ್ಗಿಸಲು ಮಾರ್ಫೊಲಿನೊ, ಅಂದರೆ ಆರ್‌ಎನ್‌ಎಗೆ ಕೂಡಿ ಅದರಿಂದ ಪ್ರೋಟೀನು ತಯಾರಾಗದಂತೆ ತಡೆಯುವ ಕೃತಕ ಅಣು, ಬಳಸುವುದಾದರೆ, ಎಲ್ ಮತ್ತು ಎಸ್ ಎರಡು ಪ್ರತಿಗಳಿಗೂ ಅದು ಕೂಡುತ್ತದೆಯೇ ಎಂದು ಒಂದೊಂದು ಅಕ್ಷರ ಹೋಲಿಸಿ ನೋಡಿ. ಕೂಡದಿದ್ದರೆ ಎರಡು ಬೇರೆ ಮಾರ್ಫೊಲಿನೊಗಳು ಬೇಕು. ಹೋಲಿಕೆಗೆ, ಅದೇ ಜೀನಿನ ಆರ್‌ಎನ್‌ಎಯ ಬೇರೆ ಬೇರೆ ಜಾಗಕ್ಕೆ ಕೂಡುವ ಎರಡು ಮಾರ್ಫೊಲಿನೊಗಳಿಂದ ಒಂದೇ ಪರಿಣಾಮ ಬರಬೇಕು. ಮಾರ್ಫೊಲಿನೊ ಕೂಡುವ ಜಾಗವಿಲ್ಲದ ಆರ್‌ಎನ್‌ಎಯನ್ನು ಜೊತೆಗೆ ಚುಚ್ಚಿದರೆ ಆ ಪರಿಣಾಮ ಹೋಗಬೇಕು. ಟ್ರಾಪಿಕಾಲಿಸ್‌ನಲ್ಲಿ, ಡಿಎನ್‌ಎಯನ್ನೇ ಕತ್ತರಿಸುವ ಕ್ರಿಸ್ಪರ್ ವಿಧಾನದಿಂದ ಜೀನನ್ನು ಕೆಡಿಸಿ ಅದೇ ರೂಪ ಬಂದರೆ ಇನ್ನೂ ಗಟ್ಟಿ. ಆದರೆ ತಾಯಿ ಮೊಟ್ಟೆಯಲ್ಲಿಟ್ಟ ಪ್ರೋಟೀನನ್ನು ಮಾರ್ಫೊಲಿನೊ ಆಗಲಿ, ಭ್ರೂಣದಲ್ಲಿ ಕತ್ತರಿಸುವ ಕ್ರಿಸ್ಪರ್ ಆಗಲಿ ಮುಟ್ಟುವುದಿಲ್ಲ. ಪರಿಣಾಮ ಕಾಣಲಿಲ್ಲವೆಂದರೆ ಜೀನು ಬೇಡವಾದದ್ದೆಂದು ತೀರ್ಮಾನಿಸುವ ಮೊದಲು ಪ್ರೋಟೀನು ನಿಜಕ್ಕೂ ಇಳಿದಿದೆಯೇ ಎಂದು ಪ್ರತಿಕಾಯದಿಂದ ನೋಡಬೇಕು. ಇಳಿಯದಿದ್ದರೆ, ಅಂಡಕೋಶದ ಹಂತದಲ್ಲಿಯೇ ಆಂಟಿಸೆನ್ಸ್ ಅಣುವಿನಿಂದ ತಾಯಿಯ ಆರ್‌ಎನ್‌ಎಯನ್ನು ತೆಗೆದು, ಆ ಅಂಡಕೋಶವನ್ನು ಆತಿಥೇಯ ಕಪ್ಪೆಯ ಮೂಲಕ ಮೊಟ್ಟೆಯಾಗಿ ಇಡಿಸುವ ಶ್ರಮದ ದಾರಿಯೊಂದು ಉಳಿಯುತ್ತದೆ.

ಒಳಭಾಗ ಕತ್ತರಿಸಿದ ಗ್ರಾಹಕವನ್ನು ಚುಚ್ಚಿ ಸಹಜ ಗ್ರಾಹಕವನ್ನು ಅಡ್ಡಗಟ್ಟುವ ವಿಧಾನವೂ ಇದೆ. 1991ರಲ್ಲಿ ಎಫ್‌ಜಿಎಫ್ ಗ್ರಾಹಕಕ್ಕೆ, 1992ರಲ್ಲಿ ಟಿಜಿಎಫ್-ಬೀಟಾ ಕುಟುಂಬದ ಆಕ್ಟಿವಿನ್‌ನ ಗ್ರಾಹಕಕ್ಕೆ ಹೀಗೆ ಮಾಡಿದ ಕೆಲಸಗಳು ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿದವು. ಆದರೆ ಆಕ್ಟಿವಿನ್ ಗ್ರಾಹಕದ ಕತ್ತರಿಸಿದ ರೂಪ ಅದೇ ಕುಟುಂಬದ ಬೇರೆ ಸಂಕೇತಗಳನ್ನೂ ತಡೆಯುತ್ತದೆ ಎಂದು ಮುಂದೆ ಸ್ಪಷ್ಟವಾಯಿತು. ಹಾಗಾಗಿ ಈ ವಿಧಾನದಿಂದ ಒಂದು ಕುಟುಂಬದ ಸಂಕೇತ ಬೇಕೆಂದು ಹೇಳಬಹುದು; ಯಾವ ಗ್ರಾಹಕ, ಯಾವ ಲೈಗ್ಯಾಂಡ್ ಎಂದು ಹೇಳಲು ಇದೊಂದನ್ನೇ ನಂಬಬಾರದು.

ನಾನು ಹೆಚ್ಚು ನೆಚ್ಚುವುದು ಜೋಡಿ ಅಂಗಾಂಶದ ಪ್ರಯೋಗವನ್ನು. ಬ್ಲಾಸ್ಟುಲಾದ ಮೇಲ್ತುದಿಯಾದ ಪ್ರಾಣಿಧ್ರುವದ ಚಾವಣಿಯನ್ನು, ಅಂದರೆ ಅನಿಮಲ್ ಕ್ಯಾಪನ್ನು, 8 ಅಥವಾ 9ನೆಯ ಹಂತದಲ್ಲಿ ಕತ್ತರಿಸಿ ತೆಗೆದು ಸುಮ್ಮನೆ ಬಿಟ್ಟರೆ ಅದು ಚರ್ಮವಾಗುತ್ತದೆ. ಆಕ್ಟಿವಿನ್ ಕೊಟ್ಟರೆ ಮಧ್ಯಪದರವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಒಂದು ಗುಂಪಿನ ಭ್ರೂಣಗಳಿಗೆ ಎರಡು ಕೋಶಗಳ ಹಂತದಲ್ಲಿ ಲೈಗ್ಯಾಂಡಿನ ಆರ್‌ಎನ್‌ಎ ಚುಚ್ಚಿ; ಇನ್ನೊಂದು ಗುಂಪಿಗೆ ನಿಮ್ಮ ಜೀನಿನ ಮಾರ್ಫೊಲಿನೊ ಮತ್ತು ಹೊಳೆಯುವ ಡೆಕ್ಸ್‌ಟ್ರಾನ್ ಬಣ್ಣ ಚುಚ್ಚಿ. ಎರಡೂ ಗುಂಪಿನಿಂದ ಕ್ಯಾಪುಗಳನ್ನು ಕತ್ತರಿಸಿ, ಒಂದರ ಒಳಮೈಯನ್ನು ಇನ್ನೊಂದರ ಒಳಮೈಗೆ ಮುಖಾಮುಖಿಯಾಗಿ ಒತ್ತಿ ಹಿಡಿಯಿರಿ. ಕತ್ತರಿಸಿದ ಕ್ಯಾಪು ಬಹು ಬೇಗ ಅಂಚು ಮಡಚಿ ಉಂಡೆಯಾಗುತ್ತದೆ, ಆದ್ದರಿಂದ ಜೋಡಿಸುವ ಕೆಲಸ ತಡವಿಲ್ಲದೆ ನಡೆಯಬೇಕು. ಜೋಡಿ ಕೂಡಿಕೊಂಡ ಮೇಲೆ ಜೊತೆಯ ಭ್ರೂಣಗಳು ಗ್ಯಾಸ್ಟ್ರುಲಾದ ನಡುಹಂತ ತಲುಪುವವರೆಗೆ ಬೆಳೆಸಿ, ಗುರುತು ಜೀನನ್ನು ಇನ್ ಸಿಟುವಿನಿಂದ ನೋಡಿ.

ಮಾರ್ಫೊಲಿನೊ ಪಡೆಯುವ ಕ್ಯಾಪಿನಲ್ಲಿದ್ದಾಗ ಹೊಳೆಯುವ ಬದಿಯಲ್ಲಿ ಗುರುತು ಜೀನು ಮಾಯವಾಗಬೇಕು. ಅದೇ ಮಾರ್ಫೊಲಿನೊವನ್ನು ಲೈಗ್ಯಾಂಡ್ ಕಳಿಸುವ ಕ್ಯಾಪಿಗೆ ಚುಚ್ಚಿದಾಗ ಪಡೆಯುವ ಬದಿಯ ಸ್ಪಂದನೆ ಹಾಗೇ ಉಳಿಯಬೇಕು. ಇದರ ವಿರುದ್ಧ ಬಂದರೆ ನಿಮ್ಮ ಕೈಯಲ್ಲಿರುವುದು ಸಂಕೇತವನ್ನು ಕಳಿಸಲು ಬೇಕಾದ ಜೀನು. ಎರಡೂ ಕಡೆ ಪರಿಣಾಮ ಕಂಡರೆ, ಪಡೆದ ಕೋಶವೇ ಮತ್ತೊಂದು ಸಂಕೇತವನ್ನು ಹೊರಡಿಸುವ ಸರಪಳಿಯಿರಬಹುದು. ಆಗ ಗಂಟೆಗಳ ನಂತರದ ಗುರುತು ಜೀನಿನ ಬದಲು ಮೊದಲ ಅರ್ಧ ಅಥವಾ ಒಂದು ಗಂಟೆಯೊಳಗಿನ ಬದಲಾವಣೆಯನ್ನೇ ಅಳೆಯಬೇಕು: ಆಕ್ಟಿವಿನ್ ಬಗೆಯ ಸಂಕೇತಕ್ಕೆ ಫಾಸ್ಫೇಟ್ ಹೊತ್ತ ಸ್ಮ್ಯಾಡ್2, ಬಿಎಂಪಿಗೆ ಸ್ಮ್ಯಾಡ್1, ಎಫ್‌ಜಿಎಫ್‌ಗೆ ಇಆರ್‌ಕೆ. ಇವು ಗ್ರಾಹಕಕ್ಕೆ ಸಂಕೇತ ತಗುಲಿದಾಗ ಕೋಶದೊಳಗೆ ಫಾಸ್ಫೇಟ್ ಹೊರುವ ಪ್ರೋಟೀನುಗಳು. ಇಆರ್‌ಕೆ ವಿಷಯದಲ್ಲಿ ಒಂದು ಮಾತು: ಕ್ಯಾಪನ್ನು ಕತ್ತರಿಸಿದ ಗಾಯವೇ ಅದನ್ನು ಚುರುಕುಗೊಳಿಸುತ್ತದೆ, ಆದ್ದರಿಂದ ಗಾಯ ಮಾಯ್ದು ಆ ಅಲೆ ತಗ್ಗಿದ ಮೇಲೆ ಲೈಗ್ಯಾಂಡ್ ಕೊಡಬೇಕು, ಮತ್ತು ಲೈಗ್ಯಾಂಡ್ ಇಲ್ಲದೆ ಕತ್ತರಿಸಿದ ಕ್ಯಾಪನ್ನೂ ಪ್ರತಿ ಬಾರಿ ಜೊತೆಗೆ ಇಡಬೇಕು. ಸ್ಪಂದಿಸುವ ಸಾಮರ್ಥ್ಯವೂ ಗ್ಯಾಸ್ಟ್ರುಲಾ ಶುರುವಾದ ಸ್ವಲ್ಪ ಹೊತ್ತಿಗೆ ಇಳಿದುಹೋಗುವುದರಿಂದ ಈ ಕಾಯುವಿಕೆ ಅಳತೆಯಲ್ಲಿರಬೇಕು.

ಕೊನೆಗೆ, ಲೈಗ್ಯಾಂಡನ್ನು ಹಿಡಿಯಲಾರದಂತೆ ಒಂದೆರಡು ಅಮೈನೋ ಆಮ್ಲಗಳನ್ನು ಬದಲಿಸಿದ ಗ್ರಾಹಕದ ಆರ್‌ಎನ್‌ಎ, ಮಾರ್ಫೊಲಿನೊದ ಪರಿಣಾಮವನ್ನು ಸರಿಪಡಿಸಲಾರದು ಎಂದು ತೋರಿಸಿ. ಆ ಬದಲಾದ ಪ್ರೋಟೀನು ಮೇಲ್ಮೈಗೆ ಸಹಜ ಪ್ರಮಾಣದಲ್ಲಿ ಬಂದಿದೆ ಎಂಬುದನ್ನೂ ಬಯೋಟಿನ್ ವಿಧಾನದಿಂದ ಖಚಿತಪಡಿಸಿ. ಹಿಡಿತ ಮತ್ತು ಕೆಲಸ ಎರಡನ್ನೂ ಒಂದೇ ಪ್ರಯೋಗದಲ್ಲಿ ಕಟ್ಟಿಹಾಕುವುದು ಇದೊಂದೇ. ಎಲ್ಲ ಫಲಿತಾಂಶಗಳನ್ನೂ ಬೇರೆ ಬೇರೆ ಹೆಣ್ಣು ಕಪ್ಪೆಗಳ ಮೊಟ್ಟೆಗಳಲ್ಲಿ ಪುನರಾವರ್ತಿಸಿ, ಪ್ರತಿ ಗುಂಪಿನಲ್ಲಿ ಎಷ್ಟು ಭ್ರೂಣಗಳಲ್ಲಿ ಎಷ್ಟು ಬದಲಾದವು ಎಂದು ಬರೆಯಿರಿ, ಏಕೆಂದರೆ ಒಂದೇ ತಾಯಿಯ ನೂರು ಮೊಟ್ಟೆಗಳು ನೂರು ಸ್ವತಂತ್ರ ಸಾಕ್ಷ್ಯಗಳಾಗುವುದಿಲ್ಲ. ಜೀನಿಗೆ ಹೆಸರಿಡುವಾಗ ಝೆನೋಪಸ್ ಜೀನುಗಳ ದತ್ತಕೋಶವಾದ ಝೆನ್‌ಬೇಸ್‌ನ ನಿಯಮದಂತೆ ಮಾನವ ಜೀನಿನ ಹೆಸರಿಗೆ ಹೊಂದಿಸಿ, ಲೇವಿಸ್‌ನಲ್ಲಿ ಎಲ್ ಅಥವಾ ಎಸ್ ಎಂದು ಸೂಚಿಸಿ, ಎರಡೂ ಪ್ರತಿಗಳ ಅನುಕ್ರಮವನ್ನು ಸಾರ್ವಜನಿಕ ಭಂಡಾರಕ್ಕೆ ಸಲ್ಲಿಸಿ.